ಹಂದಿಗೆಂದು ತಂದ ಘಟು

ನಮ್ಮ ತೋಟ ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ, ಗುಡ್ಡದ ಬುಡದಲ್ಲಿದೆ. ಅಡಿಕೆ, ನಡುವೆ ಬಾಳೆ, ಒಂದು ಮೂಲೆಯಲ್ಲಿ ಮರಗೆಣಸು. ಕಾಡುಹಂದಿ ಒಂದೇ ರಾತ್ರಿ ನುಗ್ಗಿದರೂ ಬೆಳಗ್ಗೆ ನೋಡುವಾಗ ನೆಲವೆಲ್ಲ ಉತ್ತಿಟ್ಟ ಹಾಗೆ ಇರುತ್ತದೆ. ಅದಕ್ಕೇ ನಾನು ಗ್ರೇಟ್ ಡೇನ್ ನಾಯಿಮರಿ ತಂದದ್ದು. ಹಂದಿ ಹಿಡಿಯಲೆಂದೇ ಬೆಳೆಸಿದ ತಳಿ ಅಂತ ಓದಿದ್ದೆ. ಆ ಪಾದದ ಗಾತ್ರ ನೋಡಿ ಅಪ್ಪ ಘಟೋತ್ಕಚ ಎಂದರು. ಅದೇ ಘಟು ಆಯಿತು.

ನಾನು ಓದಿದ್ದು ನಿಜವೇ, ಆದರೆ ಅರ್ಧ ಮಾತ್ರ. ಹೆಸರಲ್ಲಿ ಡೇನ್ ಇದ್ದರೂ ಇದು ಡೆನ್ಮಾರ್ಕಿನದಲ್ಲ. 18ನೇ ಶತಮಾನದಲ್ಲಿ ಬುಫಾನ್ ಎಂಬ ಫ್ರೆಂಚ್ ವಿಜ್ಞಾನಿ ಇದನ್ನು ‘ದೊಡ್ಡ ಡೇನಿಷ್ ನಾಯಿ’ ಎಂದು ಬರೆದ, ಇಂಗ್ಲಿಷಿನವರು ಅದನ್ನೇ ಹಿಡಿದುಕೊಂಡರು. ತಳಿಯನ್ನು ರೂಪಿಸಿದ್ದು ಜರ್ಮನಿಯಲ್ಲಿ. ಅಲ್ಲಿಯ ದೊರೆಗಳ ಬೇಟೆಯಲ್ಲಿ ಹಗುರ ನಾಯಿಗಳು ಹಂದಿಯನ್ನು ಓಡಿಸಿ ದಣಿಸುತ್ತಿದ್ದವು. ಈ ದೊಡ್ಡವು ಅದನ್ನು ಕಚ್ಚಿ ಹಿಡಿದು, ಈಟಿಯವನು ಬರುವವರೆಗೆ ಬಿಡುತ್ತಿರಲಿಲ್ಲ. ಅವುಗಳಲ್ಲೇ ಚೆಂದದವನ್ನು ಆರಿಸಿ ರಾತ್ರಿ ದೊರೆಯ ಮಲಗುವ ಕೋಣೆಯ ಕಾವಲಿಗೆ ಇಡುತ್ತಿದ್ದರು. ಬಂದೂಕು ಬಂದ ಮೇಲೆ ಅಂಥ ಬೇಟೆ ನಿಂತೇ ಹೋಯಿತು. 1878ರಲ್ಲಿ ಬರ್ಲಿನ್ನಿನಲ್ಲಿ ಏಳು ಜನರ ಸಮಿತಿ ಕೂತು, ಬೇರೆ ಬೇರೆ ಹೆಸರಿನ ಈ ನಾಯಿಗಳಿಗೆಲ್ಲ ‘ಡಾಯ್ಚೆ ಡೊಗ್ಗೆ’ ಎಂದು ಒಂದೇ ಹೆಸರಿಟ್ಟಿತು. 1880ರಲ್ಲಿ ತಳಿಯ ಲಕ್ಷಣಗಳನ್ನು ಬರೆದಿಟ್ಟರು. ಅಲ್ಲಿಂದೀಚೆಗೆ ಆರಿಸಿ ಬೆಳೆಸಿದ್ದು ಮನೆಯವರ ಜತೆ ಹೊಂದಿಕೊಂಡಿರುವ ಗುಣವನ್ನು. ಮೈ ಬೇಟೆಗಾರನದು, ಮನಸ್ಸು ಆ ಕೋಣೆಯ ಕಾವಲುಗಾರನದು.

ಇದು ನನಗೆ ಗೊತ್ತಾದದ್ದು ಘಟುವನ್ನು ತಂದ ಮೇಲೆ. ನಮ್ಮಲ್ಲಿ ನಾಯಿ ಎಂದರೆ ಹಗಲಿಡೀ ಗೂಡಲ್ಲಿ, ರಾತ್ರಿ ಹೊರಗೆ. ನಾನೂ ಹಟ್ಟಿಯ ಪಕ್ಕ ಗಟ್ಟಿ ಗೂಡು ಕಟ್ಟಿಸಿದ್ದೆ. ಘಟು ಅದರೊಳಗೆ ಊಟ ಬಿಟ್ಟ. ಮುಂಗಾಲು ನೆಕ್ಕಿ ನೆಕ್ಕಿ ಗಾಯ ಮಾಡಿಕೊಂಡ. ಹದಿನೈದು ದಿನಕ್ಕೆ ಅಮ್ಮನಿಗೆ ತಡೆಯಲಾಗಲಿಲ್ಲ, ಬಾಗಿಲು ತೆರೆದರು. ಸೀದಾ ಜಗಲಿಗೆ ಬಂದು, ಆರಾಮಕುರ್ಚಿಯಲ್ಲಿದ್ದ ಅಪ್ಪನ ಮೊಣಕಾಲಿಗೆ ಒರಗಿ ನಿಂತ. ಈ ತಳಿ ಹಾಗೆಯೇ. ನಿಮಗೆ ಭಾರ ಹಾಕಿ ಒರಗಿದರೆ ಅದೇ ಅದರ ಪ್ರೀತಿ. ಗದರಿದರೆ ದಿನವಿಡೀ ಮಂಕಾಗುತ್ತದೆ. ಅಪರಿಚಿತರು ಬಂದರೆ ಒಮ್ಮೆ ಬೊಗಳಿ ಎದ್ದು ನಿಲ್ಲುತ್ತದೆ, ಅಷ್ಟೇ ಸಾಕಾಗುತ್ತದೆ. ಜನರ ನಡುವೆ ಇಟ್ಟುಕೊಳ್ಳಲು ಆಗದವರು ಇದನ್ನು ತರಲೇಬಾರದು.

ಬೆಳೆಯುವಾಗ ಅವಸರ ಮಾಡಬೇಡಿ. ತಂದಾಗ ಎಂಟು ಕಿಲೋ ಇದ್ದವನು ಆರು ತಿಂಗಳಿಗೆ ನಲವತ್ತು ದಾಟಿದ. ಮೂಳೆ ಗಟ್ಟಿಯಾಗಲಿ ಎಂದು ಕ್ಯಾಲ್ಸಿಯಂ ಕೊಡಿ ಅಂತ ಬಂದವರೆಲ್ಲ ಹೇಳಿದರು. ಕೊಡಲಿಲ್ಲ. ದೊಡ್ಡ ತಳಿಯ ಮರಿಗಳಿಗೆ ಕ್ಯಾಲ್ಸಿಯಂ ಜಾಸ್ತಿಯಾದರೆ ಮೂಳೆ ಸೊಟ್ಟವಾಗುತ್ತದೆ. ತೋಟದ ತಟ್ಟುಗಳಿಂದ ಹಾರಲು ಒಂದೂವರೆ ವರ್ಷದವರೆಗೆ ಬಿಡಲಿಲ್ಲ. ಕಾವಿ ನೆಲದಲ್ಲಿ ಮಲಗಿ ಮೊಣಕೈ ದಡ್ಡುಗಟ್ಟಿತು, ಗೋಣಿಗೆ ತೆಂಗಿನ ನಾರು ತುಂಬಿ ಹಾಸಿಗೆ ಮಾಡಿದೆ.

ಇನ್ನು ಆ ರಾತ್ರಿ. ಘಟುವಿಗೆ ಆಗ ನಾಲ್ಕು ವರ್ಷ. ಆಟಿ ತಿಂಗಳು, ಮಳೆ ಬಿಟ್ಟಿರಲಿಲ್ಲ. ಸಂಜೆ ಮಳೆ ಸ್ವಲ್ಪ ನಿಂತಾಗ ಮಕ್ಕಳ ಜತೆ ಅಂಗಳದಲ್ಲಿ ಓಡಿದ. ಬಂದವನೇ ಒಂದೇ ಸಲಕ್ಕೆ ಬಟ್ಟಲು ಖಾಲಿ ಮಾಡಿದ. ಒಂಬತ್ತು ಗಂಟೆಗೆ ಎದ್ದು ಕೂತು, ಕೂತು ಏಳಲು ಶುರು ಮಾಡಿದ. ವಾಂತಿ ಮಾಡಲು ನೋಡುತ್ತಾನೆ, ನೊರೆ ಬಿಟ್ಟರೆ ಏನೂ ಬರುವುದಿಲ್ಲ. ಪಕ್ಕೆ ಮುಟ್ಟಿದರೆ ಮದ್ದಳೆಯ ಹಾಗೆ ಬಿಗಿ.

“ವಾಯು ತುಂಬಿದ್ದು ಮಗಾ, ಇಂಗು ಕದಡಿ ಕೊಡು” ಎಂದರು ಅಮ್ಮ.

ಇದು ವಾಯು ಮಾತ್ರ ಅಲ್ಲ ಅಂತ ನನಗೆ ಅನಿಸಿತು. ಎದೆ ಆಳವಾಗಿರುವ ನಾಯಿಗಳಲ್ಲಿ ಹೊಟ್ಟೆಯೊಳಗಿನ ಜಠರ ಗಾಳಿ ತುಂಬಿ ಉಬ್ಬುತ್ತದೆ, ಆಮೇಲೆ ಸುತ್ತಿಕೊಳ್ಳುತ್ತದೆ. ಮೇಲಿನ ದಾರಿಯೂ ಕೆಳಗಿನ ದಾರಿಯೂ ಮುಚ್ಚುತ್ತದೆ. ರಕ್ತ ಹೃದಯಕ್ಕೆ ವಾಪಸು ಹೋಗಲು ಆಗುವುದಿಲ್ಲ. ಗ್ರೇಟ್ ಡೇನ್‌ಗಳಲ್ಲಿ ಇದು ಬಹಳ ಜಾಸ್ತಿ. ಬೆಳಗಿನವರೆಗೆ ಕಾದರೆ ನಾಯಿ ಉಳಿಯುವುದಿಲ್ಲ.

“ಭಾವ, ಕಾರು ತೆಗೆಯಿರಿ” ಎಂದೆ. ಅರವತ್ತೈದು ಕಿಲೋದವನನ್ನು ಕಂಬಳಿಯಲ್ಲಿ ಎತ್ತಿ ಹಿಂದಿನ ಸೀಟಿಗೆ ಹಾಕಿದೆವು. ಕುಂಬಳೆಗೆ ಇಳಿದು, ಹೆದ್ದಾರಿ ಹಿಡಿದು, ತಲಪಾಡಿ ದಾಟಿ ಮಂಗಳೂರಿಗೆ. ದಾರಿಯಿಂದಲೇ ಫೋನ್ ಮಾಡಿದ್ದೆ, ಡಾಕ್ಟರು ಬಾಗಿಲು ತೆರೆದು ಕಾಯುತ್ತಿದ್ದರು. ಹೊಟ್ಟೆಯ ಗಾಳಿ ತೆಗೆದು, ಆಪರೇಷನ್ ಮಾಡಿ ಸುತ್ತು ಬಿಡಿಸಿದರು. ಮತ್ತೆ ಸುತ್ತದ ಹಾಗೆ ಜಠರವನ್ನು ಹೊಟ್ಟೆಯ ಒಳಗೋಡೆಗೆ ಹೊಲಿದರು. ಮುಗಿಯುವಾಗ ರಾತ್ರಿ ಎರಡು ಗಂಟೆ ಕಳೆದಿತ್ತು. ಆ ಹೊಲಿಗೆಯನ್ನು ಮುಂಚೆಯೇ, ನಾಯಿ ಚೆನ್ನಾಗಿದ್ದಾಗಲೇ ಹಾಕಿಸಬಹುದು ಎಂದು ಅವತ್ತು ತಿಳಿಯಿತು. ಈ ತಳಿ ಸಾಕುವವರು ದಯವಿಟ್ಟು ನಿಮ್ಮ ಡಾಕ್ಟರ ಹತ್ತಿರ ಇದನ್ನು ಕೇಳಿ.

ಅವನು ಎತ್ತರ ಅಂತ ಬಟ್ಟಲನ್ನು ಸ್ಟೂಲಿನ ಮೇಲೆ ಇಡುತ್ತಿದ್ದೆ. ಎತ್ತರದ ಬಟ್ಟಲಲ್ಲಿ ತಿನ್ನುವ ದೊಡ್ಡ ನಾಯಿಗಳಿಗೇ ಈ ಕಾಯಿಲೆ ಜಾಸ್ತಿ ಬಂದದ್ದನ್ನು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2000ದಲ್ಲೇ ಕಂಡಿದ್ದರು. ಸ್ಟೂಲು ತೆಗೆದೆ. ಈಗ ದಿನಕ್ಕೆ ಮೂರು ಸಲ, ಸ್ವಲ್ಪ ಸ್ವಲ್ಪ. ಊಟಕ್ಕೆ ಮೊದಲೂ ಆಮೇಲೂ ಒಂದು ಗಂಟೆ ಓಟ ಇಲ್ಲ.

ಹಂದಿಗಳ ವಿಷಯ ಕೇಳುತ್ತೀರಲ್ವಾ? ಅವುಗಳ ಮೇಲೆ ಅವನನ್ನು ಒಮ್ಮೆಯೂ ಬಿಟ್ಟಿಲ್ಲ. ನಾಯಿ ಬಿಟ್ಟು ಬೇಟೆಯಾಡುವುದಕ್ಕೆ ಕಾನೂನು ಒಪ್ಪುವುದಿಲ್ಲ, ಕೋರೆಗೆ ಸಿಕ್ಕಿದರೆ ನಾಯಿಯ ಹೊಟ್ಟೆಯೇ ಸೀಳುತ್ತದೆ. ಮರಗೆಣಸಿಗೆ ಬೇಲಿ ಹಾಕಿದೆ. ಘಟುವಿಗೆ ಈಗ ಎಂಟು ವರ್ಷ. ಈ ತಳಿ ಸಾಮಾನ್ಯವಾಗಿ ಬದುಕುವುದೇ ಏಳರಿಂದ ಹತ್ತು ವರ್ಷ. ಮೂತಿ ಪೂರ್ತಿ ಬೆಳ್ಳಗಾಗಿದೆ. ರಾತ್ರಿ ಅಪ್ಪನ ಮಂಚದ ಕೆಳಗೆ ಅವನ ಗೋಣಿ. ತೋಟದಲ್ಲಿ ಸದ್ದಾದರೆ ತಲೆ ಎತ್ತಿ ಎರಡು ಸಲ ಬೊಗಳುತ್ತಾನೆ. ಅಪ್ಪ ಕತ್ತಲಲ್ಲೇ ಕೈ ಇಳಿಬಿಟ್ಟು ತಲೆ ಸವರುತ್ತಾರೆ.