ಕಾಮಾ ಎಣಿಸಿದರೆ ಸಾಲದು: ಸಿಎಸ್‌ವಿ ಫೈಲಿನ ಡಿಲಿಮಿಟರ್ ಹಿಡಿಯುವ ಬಗ್ಗೆ ನನ್ನ ಅನುಭವ

ಫೈಲಿನ ಹೆಸರು ‘.ಸಿಎಸ್‌ವಿ’ ಎಂದು ಮುಗಿದ ಮಾತ್ರಕ್ಕೆ ಒಳಗೆ ಕಾಲಂಗಳನ್ನು ಬೇರ್ಪಡಿಸುವ ಚಿಹ್ನೆ, ಅಂದರೆ ಡಿಲಿಮಿಟರ್, ಕಾಮಾ ಆಗಿಯೇ ಇರುತ್ತದೆ ಎಂದೇನಿಲ್ಲ. ಎಕ್ಸೆಲ್‌ನಲ್ಲಿ ಸಿಎಸ್‌ವಿ ಎಂದು ಉಳಿಸಿದರೆ ವಿಂಡೋಸ್‌ನ ಪ್ರಾದೇಶಿಕ ಸೆಟ್ಟಿಂಗ್‌ನಲ್ಲಿರುವ ಲಿಸ್ಟ್ ಸೆಪರೇಟರ್ ಯಾವುದೋ ಅದೇ ಬೀಳುತ್ತದೆ. ಜರ್ಮನಿ, ಫ್ರಾನ್ಸ್‌ಗಳಲ್ಲಿ ದಶಮಾಂಶಕ್ಕೇ ಕಾಮಾ ಬಳಸುತ್ತಾರೆ, ಹಾಗಾಗಿ ಅಲ್ಲಿಯ ಫೈಲುಗಳಲ್ಲಿ ಸೆಮಿಕೋಲನ್. 2005ರ ಆರ್‌ಎಫ್‌ಸಿ 4180 (ಸಿಎಸ್‌ವಿ ಹೇಗಿರಬೇಕೆಂದು ವಿವರಿಸುವ ದಾಖಲೆ) ಕಾಮಾ ಎಂದೇ ಹೇಳುತ್ತದೆ. ಆದರೆ ಫೈಲ್ ಕಳಿಸುವವರು ಅದನ್ನು ಓದಿ ಕಳಿಸುವುದಿಲ್ಲವಲ್ಲ.

ನಾನು ಮೊದಲು ನೋಡುವುದು ಅಕ್ಷರಗಳನ್ನಲ್ಲ, ಬೈಟುಗಳನ್ನು. ಫೈಲನ್ನು ಬೈನರಿಯಾಗಿ ತೆರೆದು ಮೊದಲ 64 ಕೆಬಿ ಓದುತ್ತೇನೆ. ಮೊದಲ ಮೂರು ಬೈಟು 239, 187, 191 ಆಗಿದ್ದರೆ ಅದು ಯುಟಿಎಫ್-8ರ (ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಒಂದು ಕ್ರಮ) ಬಿಒಎಂ, ಅಂದರೆ ಫೈಲಿನ ಆರಂಭದ ಗುರುತು. ಅದನ್ನು ತೆಗೆಯದಿದ್ದರೆ ಮೊದಲ ಕಾಲಂನ ಹೆಸರಿಗೆ ಕಣ್ಣಿಗೆ ಕಾಣದ ಅಕ್ಷರ ಅಂಟಿಕೊಂಡು, ಮುಂದೆ ಆ ಹೆಸರಿನಿಂದ ಹುಡುಕಿದಾಗ ಕಾಲಂ ಸಿಗುವುದೇ ಇಲ್ಲ. 255, 254 ಎಂದು ಶುರುವಾದರೆ ಅಂಥದ್ದೇ ಇನ್ನೊಂದು ಕ್ರಮವಾದ ಯುಟಿಎಫ್-16. ಕನ್ನಡದ ಫೈಲುಗಳಲ್ಲಿ ಇದು ಅಪರೂಪವಲ್ಲ: ಎಕ್ಸೆಲ್‌ನ ಹಳೆಯ ಸಿಎಸ್‌ವಿ ಆಯ್ಕೆಯಲ್ಲಿ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗುತ್ತಿತ್ತು, ಅದಕ್ಕೆ ‘ಯುನಿಕೋಡ್ ಟೆಕ್ಸ್ಟ್’ ಎಂದು ಉಳಿಸುವ ರೂಢಿ ಬಂತು. ಹಾಗೆ ಉಳಿಸಿದ್ದರಲ್ಲಿ ಇರುವುದು ಟ್ಯಾಬ್.

64 ಕೆಬಿಯ ಕೊನೆಯಲ್ಲಿ ಸಾಲು ಅರ್ಧಕ್ಕೇ ತುಂಡಾಗಿರುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು, ಆದ್ದರಿಂದ ಒಂದು ಅಕ್ಷರವೇ ನಡುವೆ ಮುರಿದು ಡಿಕೋಡ್ (ಬೈಟುಗಳನ್ನು ಅಕ್ಷರವಾಗಿಸುವಾಗಿನ) ದೋಷ ಬರಬಹುದು. ಕೊನೆಯ ಹೊಸಸಾಲಿನ ನಂತರದ್ದನ್ನೆಲ್ಲ ಬಿಸಾಡಿ ಆಮೇಲೆ ಡಿಕೋಡ್ ಮಾಡಿದರೆ ಈ ತಾಪತ್ರಯ ಇಲ್ಲ. ಮೊದಲ ಸಾಲಿನಲ್ಲಿ ‘ಸೆಪ್’ ಎಂಬ ಮೂರು ಇಂಗ್ಲಿಷ್ ಅಕ್ಷರ, ಸಮಚಿಹ್ನೆ, ಆಮೇಲೆ ಒಂದು ಚಿಹ್ನೆ ಇದ್ದರೆ ಕೆಲಸ ಅಲ್ಲಿಗೇ ಮುಗಿಯಿತು. ಅದು ಎಕ್ಸೆಲ್‌ಗೆಂದು ಬರೆದ ಸೂಚನೆ. ಡಿಲಿಮಿಟರ್ ತೆಗೆದುಕೊಂಡು ಆ ಸಾಲನ್ನು ಬಿಟ್ಟುಬಿಡಿ.

ಅದಿಲ್ಲದಿದ್ದರೆ ಊಹೆ. ಪ್ರತಿ ಸಾಲಿನಲ್ಲೂ ಯಾವ ಚಿಹ್ನೆ ಸಮನಾಗಿ ಬರುತ್ತದೆ ಎಂದು ಎಣಿಸುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಅದು ಎಲ್ಲಿ ಕೈಕೊಡುತ್ತದೆ ನೋಡಿ:

ಸಾಮಾನು;ಬೆಲೆ;ತೂಕ
ಕಾಫಿ;8,49;0,50
ಸಕ್ಕರೆ;1,29;1,00

ಹೆಡರ್ ಬಿಟ್ಟರೆ ಪ್ರತಿ ಸಾಲಿನಲ್ಲೂ ಸೆಮಿಕೋಲನ್ ಎರಡು, ಕಾಮಾ ಕೂಡ ಎರಡು. ಗಂಟೆ-ನಿಮಿಷ-ಸೆಕೆಂಡ್ ಇರುವ ಕಾಲಂ ಒಂದಿದ್ದರೆ ಕೋಲನ್ನೂ ಎರಡೇ. ದಿನಾಂಕವಿದ್ದರೆ ಹೈಫನ್ನೂ ಎರಡೇ. ಅದಕ್ಕೇ ನನ್ನ ಪಟ್ಟಿಯಲ್ಲಿ ನಾಲ್ಕೇ ಅಭ್ಯರ್ಥಿಗಳು: ಕಾಮಾ, ಸೆಮಿಕೋಲನ್, ಟ್ಯಾಬ್, ಪೈಪ್ (| ಎಂಬ ಗೆರೆ). ಹೈವ್‌ನಿಂದ (ದೊಡ್ಡ ದತ್ತಾಂಶ ಇಡುವ ತಂತ್ರಾಂಶ) ಬಂದದ್ದೆಂದು ಗೊತ್ತಿದ್ದರೆ ಐದನೆಯದಾಗಿ ಬೈಟ್ 1 ಸೇರಿಸುತ್ತೇನೆ. ಸ್ಪೇಸ್, ಕೋಲನ್, ಹೈಫನ್‌ಗಳಿಗೆ ಪ್ರವೇಶವಿಲ್ಲ.

ಎಣಿಸುವ ಬದಲು, ಒಂದೊಂದು ಅಭ್ಯರ್ಥಿಯನ್ನೂ ಕೊಟ್ಟು ಆ 64 ಕೆಬಿಯ ಮಾದರಿಯನ್ನು ನಿಜವಾದ ಸಿಎಸ್‌ವಿ ಪಾರ್ಸರ್‌ನಿಂದಲೇ ಒಡೆಸುತ್ತೇನೆ. ಕೋಟ್ (" ಚಿಹ್ನೆ) ಒಳಗಿನ ಕಾಮಾ, ಕೋಟ್ ಒಳಗಿನ ಹೊಸಸಾಲು ಎರಡನ್ನೂ ಅದು ನೋಡಿಕೊಳ್ಳುತ್ತದೆ. ಬಂದ ಸಾಲುಗಳಲ್ಲಿ ಕೊನೆಯದನ್ನು ಬಿಡಬೇಕು, ಏಕೆಂದರೆ ಮಾದರಿ ಕೋಟ್ ಒಳಗೇ ಕಡಿದಿರಬಹುದು. ಆಮೇಲೆ ಎರಡು ಲೆಕ್ಕ. ಒಂದು, ಅತಿ ಹೆಚ್ಚು ಸಾಲುಗಳಲ್ಲಿ ಕಂಡ ಕಾಲಂ ಸಂಖ್ಯೆ ಯಾವುದು, ಎಷ್ಟು ಪಾಲು ಸಾಲುಗಳು ಅದಕ್ಕೆ ಹೊಂದುತ್ತವೆ. ಆ ಸಂಖ್ಯೆ 1 ಆದರೆ ಅಭ್ಯರ್ಥಿ ಹೊರಗೆ. ಎರಡು, ಒಡೆದು ಬಂದ ಕೋಶಗಳಲ್ಲಿ ಎಷ್ಟು ಪಾಲು ಅರ್ಥವಾಗುವಂಥವು: ಸಂಖ್ಯೆ, ದಿನಾಂಕ, ಸಮಯ, ಖಾಲಿ, ಇಲ್ಲವೇ ಬೇರೆ ಅಭ್ಯರ್ಥಿ ಚಿಹ್ನೆ ಇಲ್ಲದ ಸಾದಾ ಪದ. ಎರಡನ್ನೂ ಗುಣಿಸಿದರೆ ಅಂಕ.

ಮೇಲಿನ ಕಾಫಿ ಸಾಲನ್ನು ಕಾಮಾದಲ್ಲಿ ಒಡೆದರೆ ಸಿಗುವುದು ‘ಕಾಫಿ;8’, ‘49;0’, ‘50’. ಮೂರರಲ್ಲಿ ಒಂದು ಮಾತ್ರ ಸಂಖ್ಯೆ. ಸೆಮಿಕೋಲನ್‌ನಲ್ಲಿ ಒಡೆದರೆ ಮೂರೂ ಸರಿ (ದಶಮಾಂಶ ಕಾಮಾವನ್ನು ಸಂಖ್ಯೆಯನ್ನು ಗುರುತಿಸುವ ನಿಯಮದಲ್ಲಿ ಸೇರಿಸಿರಬೇಕು, ಮರೆಯಬೇಡಿ). ಸಾಲುಗಳ ಹೊಂದಾಣಿಕೆಯಲ್ಲಿ ಹೆಚ್ಚುಕಡಿಮೆ ಸಮನಾಗಿದ್ದವರು ಇಲ್ಲಿ ಬೇರೆಯಾಗುತ್ತಾರೆ. ಈ ಯೋಚನೆ ನನ್ನದಲ್ಲ. 2019ರಲ್ಲಿ ಪ್ರಕಟವಾದ ಕ್ಲೆವರ್‌ಸಿಎಸ್‌ವಿ ಸಂಶೋಧನೆಯ ತಿರುಳೇ ಇದು. ಸಿದ್ಧ ಲೈಬ್ರರಿ ಹಾಕಿಕೊಳ್ಳಲು ಅಡ್ಡಿಯಿಲ್ಲದಿದ್ದರೆ ಅದನ್ನೇ ಬಳಸಿ.

ಸಾದಾ ಪದವನ್ನು ಗುರುತಿಸುವಲ್ಲಿ ಕನ್ನಡಕ್ಕೆ ಒಂದು ಗುಂಡಿ ಇದೆ. ಪೈಥಾನ್ ಭಾಷೆಯ ರೆಗ್ಯುಲರ್ ಎಕ್ಸ್‌ಪ್ರೆಶನ್‌ನ ಬ್ಯಾಕ್‌ಸ್ಲ್ಯಾಶ್-ಡಬ್ಲ್ಯೂ (ಪದದ ಅಕ್ಷರಗಳನ್ನು ಹುಡುಕುವ ಸಂಕೇತ) ಗುಣಿತದ ಚಿಹ್ನೆಗಳನ್ನೂ ಅರ್ಧಾಕ್ಷರದ ಚಿಹ್ನೆಯನ್ನೂ ಅಕ್ಷರವೆಂದು ಒಪ್ಪುವುದಿಲ್ಲ. ‘ಕನ್ನಡ’ ಎಂಬುದು ಅದಕ್ಕೆ ‘ಕನ’, ‘ನಡ’ ಎಂಬ ಎರಡು ತುಂಡು. ನಾನು ಕನ್ನಡದ ಯುನಿಕೋಡ್ ವ್ಯಾಪ್ತಿಯನ್ನೇ ಆ ಹುಡುಕಾಟದ ಸಂಕೇತಕ್ಕೆ ನೇರವಾಗಿ ಸೇರಿಸುತ್ತೇನೆ. ಪೈಥಾನ್ ಜೊತೆಗೇ ಬರುವ, ಡಿಲಿಮಿಟರ್ ಊಹಿಸುವ ಸ್ನಿಫರ್ ಕೂಡ ಒಳಗೆ ಇದನ್ನೇ ನಂಬಿದೆ: ಕೋಟ್ ಚಿಹ್ನೆಗೆ ತಾಗಿದ, ಬ್ಯಾಕ್‌ಸ್ಲ್ಯಾಶ್-ಡಬ್ಲ್ಯೂ ಅಲ್ಲದ ಏನನ್ನಾದರೂ ಅದು ಡಿಲಿಮಿಟರ್ ಎಂದು ಪರಿಗಣಿಸುತ್ತದೆ, ಗುಣಿತದ ಕೊಂಬನ್ನೂ ಬಿಡದೆ. ಅದನ್ನು ಬಳಸಲೇಬೇಕಾದರೆ ಅಭ್ಯರ್ಥಿಗಳ ಪಟ್ಟಿಯನ್ನು ನೀವೇ ಕೊಡಿ. ಪಾಂಡಾಸ್‌ನಲ್ಲಿ (ಪೈಥಾನ್‌ನ ದತ್ತಾಂಶ ಲೈಬ್ರರಿ) ಸೆಪರೇಟರ್ ಜಾಗದಲ್ಲಿ ‘ನನ್’ (ಏನೂ ಇಲ್ಲ ಎಂಬ ಬೆಲೆ) ಕೊಟ್ಟರೆ ಓಡುವುದೂ ಇದೇ ಸ್ನಿಫರ್, ಅದೂ ಮೊದಲ ಸರಿಯಾದ ಸಾಲೊಂದನ್ನೇ ನೋಡಿ.

ಆ ಒಂದು ಸಾಲಿನ ನಂಬಿಕೆ ಎಲ್ಲ ಕಡೆ ನಡೆಯುವುದಿಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್‌ಗಳಲ್ಲಿ ಹೆಡರ್‌ಗಿಂತ ಮೇಲೆ ಹೆಸರು, ವಿಳಾಸ, ಅವಧಿ ಎಂದು ಹತ್ತು ಹದಿನೈದು ಸಾಲು ಇರುತ್ತವೆ. ಮ್ಯೂಚುವಲ್ ಫಂಡ್‌ಗಳ ಎನ್‌ಎವಿಯನ್ನು (ಒಂದು ಯೂನಿಟ್‌ನ ಬೆಲೆ) ಫಂಡ್ ಕಂಪನಿಗಳ ಸಂಘವಾದ ಆಂಫಿ ಕೊಡುವ ಪಠ್ಯ ಫೈಲು ಪರೀಕ್ಷೆಗೆ ಒಳ್ಳೆಯ ಸರಕು: ಸೆಮಿಕೋಲನ್, ಸಾಲಿಗೆ 6 ಕಾಲಂ, ನಡುನಡುವೆ ಖಾಲಿ ಸಾಲು, ಯೋಜನೆಯ ವರ್ಗ, ಫಂಡ್ ಹೌಸ್ ಹೆಸರು ಮಾತ್ರ ಇರುವ ಸಾಲು. ಒಂದೇ ಕಾಲಂ ಬಂದ ಸಾಲುಗಳನ್ನು ಹೊಂದಾಣಿಕೆಯ ಲೆಕ್ಕದಿಂದ ಬಿಟ್ಟರೆ ಇದು ಸಲೀಸು. ಆದರೆ ಬಿಡುವುದಕ್ಕೂ ಮಿತಿ ಬೇಕು, ಇಲ್ಲದಿದ್ದರೆ ನೂರರಲ್ಲಿ ಎರಡೇ ಸಾಲಿನಲ್ಲಿ ಕಾಣುವ ಪೈಪ್‌ಗೆ ಪೂರ್ತಿ ಅಂಕ ಸಿಕ್ಕಿಬಿಡುತ್ತದೆ. ಖಾಲಿಯಲ್ಲದ ಸಾಲುಗಳಲ್ಲಿ ಅರ್ಧದಷ್ಟಾದರೂ ಆ ಕಾಲಂ ಸಂಖ್ಯೆಗೆ ಹೊಂದಬೇಕು ಎಂದಿಟ್ಟಿದ್ದೇನೆ.

ಕೋಟ್ ತೆರೆದು ಮುಚ್ಚದ ಕೋಶ ಇನ್ನೊಂದು ಪೀಡೆ. 3/4" ಪೈಪ್ ಎಂದು (ಇಲ್ಲಿ ಕೋಟ್ ಎಂದರೆ ಇಂಚಿನ ಗುರುತು) ಕೋಶದ ನಡುವೆ ಬಂದರೆ ಪೈಥಾನ್ ಪಾರ್ಸರ್ ತಲೆ ಕೆಡಿಸಿಕೊಳ್ಳುವುದಿಲ್ಲ. ಕೋಶದ ಆರಂಭದಲ್ಲೇ ಒಂಟಿ ಕೋಟ್ ಇದ್ದರೆ ಮಾತ್ರ ಮುಂದಿನ ಕೋಟ್ ಸಿಗುವವರೆಗೂ ಸಾಲುಗಳನ್ನೆಲ್ಲ ನುಂಗುತ್ತದೆ. ದೊಡ್ಡ ಫೈಲಿನಲ್ಲಿ 1,31,072 ಅಕ್ಷರಗಳ ಮಿತಿ ಮೀರಿ ದೋಷ ಎಸೆಯುತ್ತದೆ. ಒಂದೇ ಕೋಶದಲ್ಲಿ 20ಕ್ಕಿಂತ ಹೆಚ್ಚು ಹೊಸಸಾಲು ಕಂಡರೆ ಕೋಟ್ ನಿಯಮವನ್ನೇ ಕೈಬಿಟ್ಟು ಮತ್ತೊಮ್ಮೆ ಎಲ್ಲ ಅಭ್ಯರ್ಥಿಗಳನ್ನು ಓಡಿಸುತ್ತೇನೆ.

ಕೋಟ್ ಹಾಕದೆ 1,25,000 ಎಂದು ಬರೆದ ಕಾಮಾ ಫೈಲಿಗೆ ಮಾತ್ರ ಯಾವ ಪತ್ತೆಯೂ ಮದ್ದಲ್ಲ. ಲಕ್ಷದ ಮೊತ್ತದ ಸಾಲಿಗೆ ಎರಡು ಕಾಲಂ ಹೆಚ್ಚು, ಸಾವಿರದ ಸಾಲಿಗೆ ಒಂದು, ಐನೂರರ ಸಾಲಿಗೆ ಹೆಚ್ಚಿಲ್ಲ. ಮೊತ್ತ ಕೊನೆಯ ಕಾಲಂ ಆಗಿದ್ದರೆ ಹೆಚ್ಚಿನ ತುಂಡುಗಳನ್ನು ಅಂಟಿಸಬಹುದು. ನಡುವೆ ಇದ್ದರೆ ಟ್ಯಾಬ್ ಹಾಕಿ ಮತ್ತೆ ಕಳಿಸಿ ಎಂದು ಕೇಳುವುದೇ ಸರಿ.

ಮೊದಲೆರಡು ಅಭ್ಯರ್ಥಿಗಳ ಅಂಕದ ಅಂತರ 0.15ಕ್ಕಿಂತ ಕಡಿಮೆ ಇದ್ದರೆ ನನ್ನ ಫಂಕ್ಷನ್ ಉತ್ತರ ಕೊಡುವುದಿಲ್ಲ. ಎರಡೂ ಬಗೆಯಲ್ಲಿ ಒಡೆದ ಮೊದಲ ಐದು ಸಾಲುಗಳನ್ನು ತೆರೆಯ ಮೇಲೆ ತೋರಿಸಿ ಬಳಕೆದಾರರನ್ನೇ ಕೇಳುತ್ತದೆ. ರಾತ್ರಿ ತಾನಾಗಿ ಓಡುವ ಕೆಲಸವಾದರೆ ಫೈಲನ್ನು ಬೇರೆ ಫೋಲ್ಡರ್‌ಗೆ ಸರಿಸಿ ಅಂಕಗಳನ್ನು ಲಾಗ್‌ಗೆ ಬರೆದು ನಿಲ್ಲುತ್ತದೆ. ಅಂತರ ಸಾಕಷ್ಟಿದ್ದಾಗಲೂ ಪೂರ್ತಿ ಫೈಲ್ ಓದುವಾಗ ಕಾಲಂ ಸಂಖ್ಯೆ ತಪ್ಪಿದ ಸಾಲುಗಳ ನಂಬರ್ ಬರೆದಿಡುತ್ತೇನೆ, ಏಕೆಂದರೆ 64 ಕೆಬಿಯ ಆಚೆ ಏನಿದೆ ಎಂದು ಮಾದರಿಗೆ ಗೊತ್ತಿರುವುದಿಲ್ಲ.