ತೊರಕೆಯನ್ನು ಕಿಟಕಿಗೆ ಕರೆತಂದೆ: ಸಬ್‌ಮರೀನ್ ರೈಡ್‌ನಲ್ಲಿ ನನ್ನ ಅನುಭವ

ನೀರೊಳಗೆ ಹಳಿ ಮೇಲೆ ಸಬ್‌ಮರೀನ್ ಓಡುವ ನಮ್ಮ ರೈಡ್‌ನ ಟ್ಯಾಂಕ್‌ನಲ್ಲಿ ಹದಿನಾಲ್ಕು ತೊರಕೆಗಳಿವೆ, ಅಂದರೆ ಚಪ್ಪಟೆ ಮೈಯ ರೇ ಮೀನುಗಳು. ಸಬ್‌ಮರೀನ್‌ನಲ್ಲಿ ಕೂತವರಿಗೆ ಒಂದೂ ಸರಿಯಾಗಿ ಕಾಣುತ್ತಿರಲಿಲ್ಲ. ಎಲ್ಲವೂ ಮೂಲೆಯ ಮರಳಲ್ಲಿ ಹುದುಗಿರುತ್ತಿದ್ದವು. 1959ರಲ್ಲಿ ಡಿಸ್ನಿಲ್ಯಾಂಡ್ ಶುರು ಮಾಡಿದ ರೈಡ್‌ನಲ್ಲಿ ಇದ್ದದ್ದು ಬೊಂಬೆ ಮೀನು, ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಬಹುದಿತ್ತು. 2011ರಲ್ಲಿ ಇಂಗ್ಲೆಂಡ್‌ನ ವಿಂಡ್ಸರ್‌ನಲ್ಲಿರುವ ಲೆಗೋಲ್ಯಾಂಡ್ ಪಾರ್ಕ್ ಜೀವಂತ ಶಾರ್ಕ್, ತೊರಕೆಗಳ ನಡುವೆ ಸಬ್‌ಮರೀನ್ ಓಡಿಸಿತು. ಜೀವ ಇರುವ ಮೀನು ನಾವು ಹೇಳಿದ ಕಡೆ ನಿಲ್ಲುತ್ತದಾ?

ಇನ್ನೂ ಹತ್ತು ತೊರಕೆ ತರಿಸೋಣ ಅಂದರು ಮೇಲಿನವರು. ಕ್ವಾರಂಟೈನ್ ಸೇರಿ ಒಂದೂವರೆ ಲಕ್ಷ ದಿರ್ಹಮ್ ಹತ್ತಿರ ಖರ್ಚು. ಇರುವುದನ್ನೇ ಕಿಟಕಿಗೆ ಕರೆತರುತ್ತೇನೆ, ಮೂರು ತಿಂಗಳು ಕೊಡಿ ಅಂದೆ. ಯಾರೂ ನಂಬಲಿಲ್ಲ.

ಮೊದಲು ಕಿಟಕಿ ಎದುರಿನ ಬಂಡೆಗೆ ಗುರುತಿಗೆ ಪಟ್ಟೆ ಬಳಿದ ಹಲಗೆ ಕಟ್ಟಿ ಅಲ್ಲಿ ಊಟ ಹಾಕಿದೆ. ಬಂಗುಡೆ ಚೂರುಗಳನ್ನೆಲ್ಲ ಟ್ಯಾಂಕ್‌ನಲ್ಲಿದ್ದ ಟ್ರೆವಾಲಿ ಮೀನುಗಳು ದೋಚಿದವು, ನೀರಿನ ಮೇಲೆ ಎಣ್ಣೆ ಪದರ ಕಟ್ಟಿತು. ಬಂಗುಡೆ ಬಿಟ್ಟು ಬೊಂಡಾಸ್‌ಗೆ (ಸ್ಕ್ವಿಡ್) ಬಂದೆ. ಮಲ್ಪೆಯಲ್ಲಿ ಬೆಳೆದವನಿಗೆ ಇದು ಮೊದಲೇ ಹೊಳೆಯಬೇಕಿತ್ತು. ತೊರಕೆ ಹಲಗೆ ಹತ್ತಿತು, ಆದರೆ ಹೊಟ್ಟೆ ಬಂಡೆ ಕಡೆಗೆ! ಜನರಿಗೆ ಕಂಡದ್ದು ಬರೀ ಕಂದು ಬೆನ್ನು. ಸಾಲದ್ದಕ್ಕೆ ಎರಡು ಬಂದು ಹಳಿ ಮೇಲೇ ಮಲಗಿದವು. ಅರ್ಧ ದಿನ ರೈಡ್ ನಿಲ್ಲಿಸಬೇಕಾಯಿತು.

ಆಮೇಲೆ ಹಲಗೆ ಬಿಟ್ಟು ಪಾರದರ್ಶಕ ಅಕ್ರಿಲಿಕ್ ಹಾಳೆ ಹಿಡಿದೆ. ಹಳೆ ಕಿಟಕಿಯ ತುಂಡು, ದುಡ್ಡೇನೂ ಇಲ್ಲ. ಅದನ್ನು ಹಳಿಗೂ ತೊರಕೆಗೂ ನಡುವೆ, ಹಳಿಯಿಂದ ಸುಮಾರು ಒಂದು ಮೀಟರ್ ದೂರ ನಿಲ್ಲಿಸಿದೆ. ಊಟ ಆಚೆ ಬದಿಗೆ, ಪೈಪ್‌ನಲ್ಲಿ. ತೊರಕೆ ಹಾಳೆಗೆ ಅಂಟಿ ಮೇಲೇರಿದರೆ ಬಿಳಿ ಹೊಟ್ಟೆ ನೇರ ಕಿಟಕಿಗೆ ಕಾಣುತ್ತದೆ. ಅದರ ಮೂಗಿನ ಹೊಳ್ಳೆ, ಬಾಯಿ ನೋಡಿ ಮಕ್ಕಳಿಗೆ ನಗುವ ಮುಖ ಕಂಡ ಹಾಗಾಗುತ್ತದೆ.

ಆದರೂ ಎರಡು ವಾರ ಒಂದೂ ಹತ್ತಿರ ಸುಳಿಯಲಿಲ್ಲ. ತಪ್ಪು ಫ್ರೇಮ್‌ನದು. ಅಗ್ಗಕ್ಕೆ ಸಿಕ್ಕಿತು ಅಂತ 304 ಅನ್ನುವ ಸಾಧಾರಣ ಸ್ಟೇನ್‌ಲೆಸ್ ಸ್ಟೀಲ್ ಹಾಕಿದ್ದೆ. ಉಪ್ಪುನೀರಲ್ಲಿ ಬೋಲ್ಟ್ ಸುತ್ತ ತುಕ್ಕು ಹಿಡಿದಿತ್ತು. ತುಕ್ಕು ಹಿಡಿಯುವ ಲೋಹದಿಂದ ಸಣ್ಣ ಕರೆಂಟ್ ಹರಿಯುತ್ತದೆ, ತೊರಕೆಯ ಮೂತಿಗೆ ಅದು ಗೊತ್ತಾಗುತ್ತದೆ ಅಲ್ವಾ? ಫ್ರೇಮ್ ಕಿತ್ತು ಫೈಬರ್‌ದು ಹಾಕಿದೆ. ನಾಲ್ಕನೇ ದಿನ ದೊಡ್ಡ ಹೆಣ್ಣು ತೊರಕೆ ಬಂದು ಹಾಳೆಗೆ ಮೂತಿ ಒತ್ತಿತು. ಅವತ್ತಿನ ಖುಷಿ ಹೇಳಲಾರೆ.

ನಡುವೆ ಸುಮ್ನೆ ಒಂದು ಪ್ರಯೋಗ: ಊಟಕ್ಕೆ ಮುಂಚೆ ಪೈಪ್ ತಟ್ಟಿ ನೋಡಿದೆ. ತೊರಕೆಗಳಿಗಿಂತ ಮೊದಲು ಬ್ಲ್ಯಾಕ್‌ಟಿಪ್ ಶಾರ್ಕ್‌ಗಳೇ ಅದನ್ನು ಕಲಿತವು. ಅಲ್ಲಿಗೇ ನಿಲ್ಲಿಸಿದೆ. ಸಬ್‌ಮರೀನ್ ಬರುವುದಕ್ಕೆ ಎಷ್ಟು ಸೆಕೆಂಡ್ ಮುಂಚೆ ಊಟ ಬಿಡಬೇಕು ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ, ಕಂಡುಕೊಳ್ಳಲು ಒಂದು ತಿಂಗಳು ಹೋಗಿದೆ.

ಒಟ್ಟು ಖರ್ಚು ಆರು ಸಾವಿರ ದಿರ್ಹಮ್ ಒಳಗೆ. ದಿನದ ಊಟ ಜಾಸ್ತಿ ಮಾಡಿಲ್ಲ, ಅದನ್ನೇ ಇಪ್ಪತ್ತು ಪಾಲು ಮಾಡಿದ್ದೇನೆ. ಹತ್ತು ಟ್ರಿಪ್‌ನಲ್ಲಿ ಏಳೆಂಟಕ್ಕೆ ತೊರಕೆ ಬರುತ್ತದೆ. ಮುಂದಿನ ತಿಂಗಳು ಶಾರ್ಕ್‌ಗಳ ಸರದಿ. ಅವುಗಳಿಗೆ ಅಂತ ಎರಡನೇ ಹಾಳೆಗೆ, ಹಲಗೆಗೆ ಬಳಿದಿದ್ದ ಪಟ್ಟೆ ಬದಲು ದುಂಡು ಗುರುತು ಬಳಿದು ಒಣಗಲು ಇಟ್ಟಿದ್ದೇನೆ.