ಊರ ಪಕ್ಕ ಗಣಿ ಬಂದರೆ ಮೊದಲು ಏನು ಮಾಡಬೇಕು?

ಜಲ್ಲಿ ಕ್ವಾರಿಯಾಗಲಿ, ಚಿನ್ನದ ಗಣಿಯಾಗಲಿ, ಕೆಲಸ ಶುರುವಾಗುವ ಮುಂಚೆಯೇ ಬೋರ್‌ವೆಲ್ ನೀರನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ. ಮನೆ ಗೋಡೆಗಳ ಫೋಟೋ ತಾರೀಕಿನ ಸಮೇತ ತೆಗೆದಿಡಿ. ಆಮೇಲೆ ಬಿರುಕು ತೋರಿಸಿದರೆ 'ಇದು ಹಳೇದು' ಅಂತಾರೆ, ಅಲ್ವಾ?

ದೊಡ್ಡ ಗಣಿಗಾದರೆ ಸಾರ್ವಜನಿಕ ಅಹವಾಲು ಸಭೆ ನಡೆಯುತ್ತದೆ, 30 ದಿನ ಮೊದಲೇ ಪೇಪರಿನಲ್ಲಿ ನೋಟಿಸ್ ಬರಬೇಕು. ಅಲ್ಲಿ ಸುಮ್ನೆ ಕೂಗಾಡಬೇಡಿ, ಲಾರಿ ಓಡಾಡುವ ಸಮಯ, ರಸ್ತೆಗೆ ನೀರು ಹಾಕುವುದು, ಬಂಡೆ ಸಿಡಿಸುವ ಹೊತ್ತು ಎಲ್ಲವನ್ನೂ ಬರೆದುಕೊಟ್ಟು ನಡಾವಳಿಗೆ ಸೇರಿಸಿ. ಗಣಿ ಕಾನೂನಿನ 2015ರ ತಿದ್ದುಪಡಿಯಿಂದ ಗಣಿಯವರು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ, ಅಂದರೆ ಗಣಿಯಿಂದ ತೊಂದರೆಯಾದ ಊರುಗಳಿಗಾಗಿ ಇರುವ ನಿಧಿಗೆ, ಹಣ ಕಟ್ಟುತ್ತಾರೆ. ಗ್ರಾಮಸಭೆಯಲ್ಲಿ ಠರಾವು ಮಾಡಿ, ಆ ಹಣವನ್ನು ಕುಡಿಯುವ ನೀರಿಗೆ ಕೇಳಿ.

ಗಣಿ ಮುಚ್ಚುವ ಯೋಜನೆಯನ್ನೂ ಈಗಲೇ ಕೇಳಿ. ಕೆಜಿಎಫ್ ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ಚಿನ್ನ ತೆಗೆದ ಮೇಲೆ ಸುರಿದ ಪುಡಿಮಣ್ಣಿನ ಸೈನೈಡ್ ದಿಬ್ಬಗಳು ಹಾಗೇ ಉಳಿದವು. ಗಾಳಿ ಜಾಸ್ತಿಯಾದರೆ ದೂಳು ಊರೊಳಗೆ.